ಕಸಾಂಡ್ರಾಗೆ ಕನೆಕ್ಟ್ ಆಗ್ತಿಲ್ಲ, ಟೇಬಲ್ ಆಗ್ತಿಲ್ಲ: ಎಲ್ಲಿಂದ ಹುಡುಕಬೇಕು?

ಕನೆಕ್ಷನ್ ಎರರ್ ಬಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕೈ ರೀಸ್ಟಾರ್ಟ್ ಕಡೆ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಡೇಟಾ ಡೈರೆಕ್ಟರಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಕಸಾಂಡ್ರಾದಲ್ಲಿ ಎರರ್ ಕಾಣುವ ಜಾಗ ಒಂದು, ತಪ್ಪು ಇರುವ ಜಾಗ ಇನ್ನೊಂದು ಆಗಿರುವುದೇ ಜಾಸ್ತಿ. ಹಾಗಾಗಿ ಕಣ್ಣಿಗೆ ಬೀಳುವ ಲಕ್ಷಣದಿಂದಲೇ ಶುರುಮಾಡೋಣ.

ಅದಕ್ಕೆ ಮುಂಚೆ ಒಂದು ಮಾತು. ಕಸಾಂಡ್ರಾ ಹಲವು ಮೆಷಿನ್‌ಗಳಲ್ಲಿ ಒಟ್ಟಿಗೆ ಓಡುವ ಡೇಟಾಬೇಸ್. ಒಂದೊಂದು ಮೆಷಿನ್ ಒಂದು ನೋಡ್, ಎಲ್ಲ ಸೇರಿ ಕ್ಲಸ್ಟರ್. ಅದರಲ್ಲಿ ಯಜಮಾನ ನೋಡ್ ಅಂತ ಯಾವುದೂ ಇಲ್ಲ, ಎಲ್ಲ ನೋಡ್‌ಗಳೂ ಸಮ. ನಿಮ್ಮ ಆಪ್ ಯಾವುದೋ ಒಂದು ನೋಡ್‌ನ ಬಾಗಿಲು ತಟ್ಟುತ್ತದೆ, ಉಳಿದವರ ವಿಳಾಸವನ್ನು ಅದರಿಂದಲೇ ಕೇಳಿ ತಿಳಿದುಕೊಳ್ಳುತ್ತದೆ. ಟೇಬಲ್ ಮಾಡುವುದೂ ಒಂದು ಮೆಷಿನ್‌ನೊಳಗೆ ಮುಗಿಯುವ ಕೆಲಸವಲ್ಲ, ಊರಿಗೆಲ್ಲ ಹಬ್ಬಬೇಕಾದ ಸುದ್ದಿ. ಕೆಳಗಿನ ಅರ್ಧಕ್ಕರ್ಧ ತೊಂದರೆಗಳ ಬೇರು ಇವೆರಡರಲ್ಲೇ ಇದೆ.

ಕಮಾಂಡ್ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಓದುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಹಾಕಿಕೊಳ್ಳಿ, ಅಂಡರ್‌ಸ್ಕೋರ್ ಇದ್ದ ಕಡೆ ಅದನ್ನು ಬಿಡಬೇಡಿ.

## ತಕ್ಷಣ "ಕನೆಕ್ಷನ್ ರೆಫ್ಯೂಸ್ಡ್" ಅಂತ ಬರುತ್ತದೆ

ಇದು ಒಳ್ಳೆಯ ಎರರ್. ಮೆಷಿನ್ ಸಿಕ್ಕಿದೆ, ದಾರಿ ಸರಿಯಿದೆ, ಆದರೆ ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ ಅಂತ ಇದರ ಅರ್ಥ. ಸಾಮಾನ್ಯವಾಗಿ ಫೈರ್‌ವಾಲ್ ಇದಕ್ಕೆ ಕಾರಣ ಆಗಿರುವುದಿಲ್ಲ.

ಖರ್ಚಿಲ್ಲದ ಪರೀಕ್ಷೆ: ಒಂದೆರಡು ನಿಮಿಷ ಕಾಯಿರಿ. ಸುಮ್ನೆ ಹೇಳುತ್ತಿಲ್ಲ. ಕಸಾಂಡ್ರಾ ಪ್ರೋಸೆಸ್ ಎದ್ದ ತಕ್ಷಣ ಕ್ಲೈಂಟ್‌ಗಳಿಗೆ ಬಾಗಿಲು ತೆಗೆಯುವುದಿಲ್ಲ. ಕಮಿಟ್ ಲಾಗ್ (ಬರೆದದ್ದನ್ನೆಲ್ಲ ಮೊದಲು ಗುರುತು ಹಾಕಿಡುವ ಫೈಲ್) ಓದಬೇಕು, ಪಕ್ಕದ ನೋಡ್‌ಗಳ ಜೊತೆ ಮಾತಾಡಬೇಕು, ಆಮೇಲೆ 9042ನೇ ಪೋರ್ಟ್ ತೆರೆಯುತ್ತದೆ. ಸಿಸ್ಟಂ ಲಾಗ್‌ನಲ್ಲಿ "ಸ್ಟಾರ್ಟಿಂಗ್ ಲಿಸನಿಂಗ್ ಫಾರ್ ಸಿಕ್ಯೂಎಲ್ ಕ್ಲೈಂಟ್ಸ್" ಅನ್ನುವ ಸಾಲು ಬಂದಿದೆಯಾ ನೋಡಿ (ಸಿಕ್ಯೂಎಲ್ ಅಂದರೆ ಕಸಾಂಡ್ರಾದ ಕ್ವೆರಿ ಭಾಷೆ). ಪ್ಯಾಕೇಜ್‌ನಿಂದ ಹಾಕಿದ ಲಿನಕ್ಸ್‌ನಲ್ಲಿ ಈ ಲಾಗ್ ವಾರ್ ಲಾಗ್ ಕಸಾಂಡ್ರಾ ಫೋಲ್ಡರ್‌ನಲ್ಲಿರುತ್ತದೆ.

ಆ ಸಾಲು ಬಂದಿದ್ದರೆ ಅದರ ಕೊನೆಯಲ್ಲಿರುವ ವಿಳಾಸವನ್ನು ಸರಿಯಾಗಿ ಓದಿ. 127.0.0.1 ಅಂತ ಇದ್ದರೆ ತಪ್ಪು ಸಿಕ್ಕಿತು: ನೋಡ್ ತನ್ನ ಮೆಷಿನ್‌ನೊಳಗಿನವರಿಗೆ ಮಾತ್ರ ಕಿವಿಗೊಟ್ಟಿದೆ. ಕಾನ್ಫಿಗ್ ಫೈಲ್‌ನಲ್ಲಿ ಆರ್‌ಪಿಸಿ_ಅಡ್ರೆಸ್ ಮೊದಲಿಂದಲೂ ಲೋಕಲ್‌ಹೋಸ್ಟ್ ಆಗಿಯೇ ಬರುತ್ತದೆ. ಅದನ್ನು ಆ ಮೆಷಿನ್‌ನ ಒಳಜಾಲದ ಐಪಿಗೆ ಬದಲಾಯಿಸಿ. 0.0.0.0 ಹಾಕುವ ಆಸೆ ಇದ್ದರೆ ಬ್ರಾಡ್‌ಕಾಸ್ಟ್_ಆರ್‌ಪಿಸಿ_ಅಡ್ರೆಸ್ ಕೂಡ ಕೊಡಲೇಬೇಕು, ಇಲ್ಲದಿದ್ದರೆ ನೋಡ್ ಏಳುವುದೇ ಇಲ್ಲ. ಆ ಸೆಟ್ಟಿಂಗ್ ಜಾರಿಗೆ ತರಲು ಹ್ಯಾಶ್ ಗುರುತು ತೆಗೆದ ಮೇಲೆ ಸಾಲಿನ ಮುಂದೆ ಒಂದು ಸ್ಪೇಸ್ ಉಳಿದುಬಿಟ್ಟರೆ ಯಾಮಲ್ ರೂಪದ ಆ ಕಾನ್ಫಿಗ್ ಫೈಲ್ ಇಡೀ ಕೆಡುತ್ತದೆ. ಇದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಸಾಲು ಬಂದೇ ಇಲ್ಲ, ಆದರೆ ಪ್ರೋಸೆಸ್ ಓಡುತ್ತಿದೆ ಅಂದರೆ ಅದೇ ಮೆಷಿನ್‌ನಲ್ಲಿ ನೋಡ್‌ಟೂಲ್ (ಕಸಾಂಡ್ರಾ ಜೊತೆಗೇ ಬರುವ ಆಡಳಿತದ ಕಮಾಂಡ್) ಸ್ಟೇಟಸ್‌ಬೈನರಿ ಕೊಡಿ. "ನಾಟ್ ರನ್ನಿಂಗ್" ಅಂತ ಬಂದರೆ ಎನೇಬಲ್‌ಬೈನರಿ ಅನ್ನುವ ಕಮಾಂಡ್ ಬಾಗಿಲು ತೆರೆಯುತ್ತದೆ. ಆದರೆ ತೆರೆಯುವ ಮುಂಚೆ ಯಾಕೆ ಮುಚ್ಚಿತು ಅಂತ ಲಾಗ್‌ನಲ್ಲಿ ನೋಡಿ. ಡಿಸ್ಕ್ ಕೈಕೊಟ್ಟಾಗ ಕಸಾಂಡ್ರಾ ಬೇಕಂತಲೇ ಕ್ಲೈಂಟ್ ಬಾಗಿಲು ಮುಚ್ಚಿ, ಪ್ರೋಸೆಸ್ ಮಾತ್ರ ಜೀವಂತ ಇಟ್ಟುಕೊಳ್ಳುತ್ತದೆ. ಆಗ ಬಲವಂತವಾಗಿ ತೆರೆದರೆ ಕೆಟ್ಟ ಡಿಸ್ಕ್ ಮೇಲೆ ಬರೆಸಿದ ಹಾಗಾಗುತ್ತದೆ.

## ಕರ್ಸರ್ ಮಿಣುಕುತ್ತಾ ಕೂರುತ್ತದೆ, ಕೊನೆಗೆ ಟೈಮ್‌ಔಟ್

ಇದು ರೆಫ್ಯೂಸ್ಡ್‌ನ ಅಣ್ಣ ತಮ್ಮ ಅಲ್ಲ, ಬೇರೆಯದೇ ಕಾಯಿಲೆ. ನೀವು ಕಳಿಸಿದ್ದು ದಾರಿಯಲ್ಲೇ ಎಲ್ಲೋ ನುಂಗಿಹೋಗುತ್ತಿದೆ. ಈಗ ಫೈರ್‌ವಾಲ್ ಮೇಲೆ ಅನುಮಾನ ಪಡಬಹುದು.

ಆಪ್ ಓಡುವ ಮೆಷಿನ್‌ನಿಂದಲೇ ಪೋರ್ಟ್ ತೆರೆದಿದೆಯಾ ಅಂತ ನೋಡುವ ಎನ್‌ಸಿ ಕಮಾಂಡ್‌ನಲ್ಲಿ 9042 ತಟ್ಟಿ ನೋಡಿ. ನಿಮ್ಮ ಲ್ಯಾಪ್‌ಟಾಪ್‌ನಿಂದ ತಟ್ಟಿದರೆ ಉತ್ತರ ಬೇರೆಯದೇ ಬರಬಹುದು, ಅದನ್ನು ನಂಬಿ ಕೂರಬೇಡಿ. ಐಪಿ ಸರಿಯಿದೆಯಾ, ಕ್ಲೌಡ್ ಆದರೆ ಸೆಕ್ಯುರಿಟಿ ನಿಯಮದಲ್ಲಿ ಆಪ್‌ನ ಮೆಷಿನ್‌ಗೆ ಅವಕಾಶ ಇದೆಯಾ ಅಂತ ನೋಡಿ. ಇಷ್ಟರಲ್ಲೇ ಹೆಚ್ಚಿನವು ಬಗೆಹರಿಯುತ್ತವೆ. ಟಿಎಲ್‌ಎಸ್ (ಕನೆಕ್ಷನ್‌ನ ಗೂಢಲಿಪೀಕರಣ) ಆನ್ ಮಾಡಿದ ಸರ್ವರ್‌ಗೆ ಟಿಎಲ್‌ಎಸ್ ಇಲ್ಲದೆ ಹೋದರೂ ಇದೇ ತರಹ ನೇತಾಡಬಹುದು, ಇಲ್ಲವೇ ಕನೆಕ್ಷನ್ ಪಟ್ಟನೆ ಕಡಿದುಹೋಗಬಹುದು. ಅಮೆಜಾನ್ ಕೀಸ್ಪೇಸಸ್ (ಕಸಾಂಡ್ರಾಗೆ ಹೊಂದುವ ಅಮೆಜಾನ್‌ನ ಸೇವೆ) ಬಳಸುತ್ತಿದ್ದರೆ ಪೋರ್ಟ್ 9142, ಟಿಎಲ್‌ಎಸ್ ಕಡ್ಡಾಯ.

ಎಚ್ಚರಿಕೆ: ಪರೀಕ್ಷೆಗೆ ಅಂತ 9042 ಅನ್ನು ಇಡೀ ಇಂಟರ್‌ನೆಟ್‌ಗೆ ತೆರೆಯಬೇಡಿ, ಹತ್ತು ನಿಮಿಷಕ್ಕೂ ಬೇಡ. ಕಸಾಂಡ್ರಾ ಹಾಕಿದಂತೆಯೇ ಬಿಟ್ಟರೆ ಪಾಸ್‌ವರ್ಡನ್ನೇ ಕೇಳುವುದಿಲ್ಲ. 2020ರಲ್ಲಿ "ಮಿಯಾಂವ್" ದಾಳಿ ನಡೆದಾಗ ತೆರೆದಿಟ್ಟ ಇಲಾಸ್ಟಿಕ್‌ಸರ್ಚ್, ಮಾಂಗೊಡಿಬಿ ಡೇಟಾಬೇಸ್‌ಗಳನ್ನು ಹುಡುಕಿ ಹುಡುಕಿ ಅಳಿಸಿಹಾಕಿದರು. ಹಣವನ್ನೂ ಕೇಳಲಿಲ್ಲ, ಸುಮ್ನೆ ಅಳಿಸಿದರು. 7199 ಅಂತೂ ನೋಡ್‌ಟೂಲ್ ಬಳಸುವ ಆಡಳಿತದ ಪೋರ್ಟ್. ಅದನ್ನು ಹೊರಗೆ ಬಿಡುವುದು ಬೀಗದ ಕೈಯನ್ನೇ ಬೀದಿಗೆ ಹಾಕಿದಂತೆ.

## ನೋಡ್ ಏಳುತ್ತದೆ, ಸ್ವಲ್ಪ ಹೊತ್ತಿಗೆ ಸಾಯುತ್ತದೆ

ಲಾಗ್‌ನ ಕೊನೆಯ ಸಾಲುಗಳೇ ಸಾಕ್ಷಿ. ಮೂರು ಚಿತ್ರಗಳು ಪದೇ ಪದೇ ಕಾಣುತ್ತವೆ.

ಲಾಗ್ ಅರ್ಧ ವಾಕ್ಯಕ್ಕೇ ನಿಂತಿದೆ, ಎರರ್ ಏನೂ ಇಲ್ಲ. ಆಗ ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ಲೇ ಅದನ್ನು ಕೊಂದಿದೆ. ಡಾಕರ್‌ನಲ್ಲಾದರೆ ಎಕ್ಸಿಟ್ ಕೋಡ್ 137 ಕಾಣುತ್ತದೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ಕಂಟೇನರ್ ಎಬ್ಬಿಸುವವರಿಗೆ ಇದು ಗ್ಯಾರಂಟಿ. ಕಸಾಂಡ್ರಾ 4.0ರಲ್ಲಿ ಹೀಪ್ (ಜಾವಾ ತನಗಾಗಿ ಹಿಡಿದಿಡುವ ಮೆಮೊರಿ) ಎಷ್ಟು ಅಂತ ಹೇಳದಿದ್ದರೆ ಅದು 8 ಜಿಬಿ ಮೆಷಿನ್‌ನಲ್ಲಿ 2 ಜಿಬಿ ತೆಗೆದುಕೊಳ್ಳುತ್ತದೆ. ಮೂರಕ್ಕೂ ತಾನೊಬ್ಬನೇ ಈ ಮನೆಯಲ್ಲಿದ್ದೇನೆ ಅನ್ನುವ ನಂಬಿಕೆ. ಹೀಪ್ ಹೊರಗೂ ಕಸಾಂಡ್ರಾಗೆ ಮೆಮೊರಿ ಬೇಕು. ಅಭ್ಯಾಸಕ್ಕಾದರೆ ಮ್ಯಾಕ್ಸ್_ಹೀಪ್_ಸೈಜ್, ಹೀಪ್_ನ್ಯೂಸೈಜ್ ಎರಡನ್ನೂ ಜೋಡಿಯಾಗಿ ಕಡಿಮೆ ಮಾಡಿ ಕೊಡಿ.

ಎರಡನೆಯದು, "ಸೇವ್ಡ್ ಕ್ಲಸ್ಟರ್ ನೇಮ್" ಅಂತ ಶುರುವಾಗುವ ದೂರು. ನೀವು ಕಾನ್ಫಿಗ್‌ನಲ್ಲಿ ಕ್ಲಸ್ಟರ್ ಹೆಸರು ಬದಲಾಯಿಸಿದ್ದೀರಿ, ಡಿಸ್ಕ್‌ನಲ್ಲಿ ಹಳೆಯ ಹೆಸರೇ ಇದೆ. ಹಳೆಯ ಹೆಸರನ್ನೇ ವಾಪಸ್ ಹಾಕಿದರೆ ನೋಡ್ ಏಳುತ್ತದೆ. ಡೇಟಾ ಫೋಲ್ಡರ್ ಅಳಿಸಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನಿಮ್ಮಲ್ಲಿ ಇರುವುದು ಖಾಲಿ ಡೇಟಾಬೇಸ್ ಅಂತ ಖಾತ್ರಿ ಇದ್ದರೆ ಮಾತ್ರ ಅದನ್ನು ಮಾಡಿ.

ಮೂರನೆಯದು ಜಾವಾ, ಕಸಾಂಡ್ರಾ ಓಡುವುದೇ ಅದರ ಮೇಲೆ. ಕಸಾಂಡ್ರಾ 4.0, 4.1ಕ್ಕೆ ಜಾವಾ 8 ಅಥವಾ 11, 5.0ಕ್ಕೆ 11 ಅಥವಾ 17. ಹೊಸದು ಇದ್ದಷ್ಟೂ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

## ಸರ್ವರ್ ಚೆನ್ನಾಗಿದೆ, ಶೆಲ್ ತಾನೇ ಬೀಳುತ್ತದೆ

ಕಸಾಂಡ್ರಾಗೆ ಕಮಾಂಡ್ ಟೈಪ್ ಮಾಡುವ ಸಿಕ್ಯೂಎಲ್ ಶೆಲ್ ಬರೆದಿರುವುದು ಪೈಥಾನ್‌ನಲ್ಲಿ. "ಅಸಿಂಕೋರ್" ಅನ್ನುವ ಹೆಸರು ಎರರ್‌ನಲ್ಲಿ ಕಂಡರೆ ಕಾರಣ ಸೀದಾ: ಪೈಥಾನ್ 3.12ರಲ್ಲಿ ಆ ಮಾಡ್ಯೂಲನ್ನು ತೆಗೆದುಹಾಕಿದ್ದಾರೆ, ಹಳೆಯ ಡ್ರೈವರ್ (ಕಸಾಂಡ್ರಾ ಜೊತೆ ಮಾತಾಡಲು ಪ್ರೋಗ್ರಾಂಗಳು ಬಳಸುವ ಲೈಬ್ರರಿ) ಇನ್ನೂ ಅದನ್ನೇ ಹುಡುಕುತ್ತಿದೆ. 3.11 ಹಾಕಿಕೊಂಡು ಸಿಕ್ಯೂಎಲ್‌ಎಸ್‌ಎಚ್_ಪೈಥಾನ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಅದರ ದಾರಿ ಕೊಡಿ. ಹೆಸರಿನ ಎಲ್ಲ ಅಕ್ಷರವೂ ದೊಡ್ಡದೇ ಇರಬೇಕು. ಡೇಟಾಬೇಸ್ ಮುಟ್ಟುವ ಅಗತ್ಯವೇ ಇಲ್ಲ.

## ಶೆಲ್‌ನಲ್ಲಿ ಎಲ್ಲ ಸರಿ, ಆಪ್‌ನಲ್ಲಿ ಮಾತ್ರ ಇಲ್ಲ

ಜಾವಾ ಡ್ರೈವರ್ 4ರಲ್ಲಿ ಕನೆಕ್ಟ್ ಮಾಡುವಾಗ ಲೋಕಲ್ ಡೇಟಾಸೆಂಟರ್ (ಆಪ್‌ಗೆ ಹತ್ತಿರದ ನೋಡ್‌ಗಳ ಗುಂಪು) ಹೆಸರನ್ನು ಕೊಡಬೇಕು. ಅದು ತಪ್ಪಿದ್ದರೆ "ನೋ ನೋಡ್ ವಾಸ್ ಅವೈಲಬಲ್" ಅನ್ನುತ್ತದೆ. ಎಲ್ಲ ನೋಡ್‌ಗಳೂ ಎದ್ದು ಕೂತಿರುತ್ತವೆ, ಆದರೂ ಯಾರೂ ಇಲ್ಲ ಅಂತ ಹೇಳುತ್ತದೆ! ನೋಡ್‌ಟೂಲ್ ಸ್ಟೇಟಸ್‌ನ ಮೊದಲ ಸಾಲಿನಲ್ಲಿ ಹೆಸರು ಇರುತ್ತದೆ. ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಅದು "ಡೇಟಾಸೆಂಟರ್1", ಗಾಸಿಪಿಂಗ್ ಪ್ರಾಪರ್ಟಿ ಫೈಲ್ ಸ್ನಿಚ್ (ಯಾವ ನೋಡ್ ಯಾವ ಡೇಟಾಸೆಂಟರ್‌ನದು ಅಂತ ಹೇಳುವ ಸೆಟ್ಟಿಂಗ್) ಹಾಕಿದವರಲ್ಲಿ "ಡಿಸಿ1". ದೊಡ್ಡಕ್ಷರ, ಸಣ್ಣಕ್ಷರವೂ ಲೆಕ್ಕಕ್ಕೆ ಬರುತ್ತದೆ. ಕಣ್ಣಿಂದ ನೋಡಿ ಬರೆಯಬೇಡಿ, ಕಾಪಿ ಮಾಡಿ ಹಾಕಿ.

ಇನ್ನೊಂದು ರೂಪ: ಮೊದಲ ನೋಡ್ ಸಿಗುತ್ತದೆ, ಆಮೇಲೆ 172 ಅಂತ ಶುರುವಾಗುವ, ನೀವು ಎಲ್ಲೂ ಬರೆಯದ ಐಪಿಗಳಿಗೆ ಟೈಮ್‌ಔಟ್ ಸುರಿಮಳೆ. ಡಾಕರ್‌ನವರಿಗೆ ಇದು ಗೊತ್ತಿರುತ್ತದೆ. ಮೊದಲ ನೋಡ್ ತನ್ನ ನೆಂಟರ ವಿಳಾಸ ಹೇಳಿದೆ, ಆದರೆ ಅದು ಮನೆಯೊಳಗಿನ ವಿಳಾಸ, ಹೊರಗಿನವರು ಹುಡುಕಿದರೆ ಸಿಗದು. ಸಿಸ್ಟಂ.ಪಿಯರ್ಸ್ ಟೇಬಲ್ ಓದಿದರೆ ನೋಡ್ ಏನು ವಿಳಾಸ ಹಂಚುತ್ತಿದೆ ಅಂತ ಕಾಣುತ್ತದೆ. ಆಪ್‌ಗೆ ತಲುಪುವ ವಿಳಾಸವನ್ನು ಬ್ರಾಡ್‌ಕಾಸ್ಟ್_ಆರ್‌ಪಿಸಿ_ಅಡ್ರೆಸ್‌ನಲ್ಲಿ ಕೊಡಿ, ಇಲ್ಲವೇ ಆಪನ್ನೂ ಅದೇ ಡಾಕರ್ ಜಾಲದೊಳಗೆ ಓಡಿಸಿ. ಅಭ್ಯಾಸಕ್ಕೆ ಎರಡನೆಯದೇ ಸುಲಭ.

## ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡುತ್ತಿಲ್ಲ

ನಿನ್ನೆವರೆಗೆ ನಡೆಯುತ್ತಿತ್ತು, ಒಂದು ನೋಡ್ ಬಿದ್ದ ಮೇಲೆ ಲಾಗಿನ್ ಆಗುತ್ತಿಲ್ಲ ಅಂದರೆ ಪಾಸ್‌ವರ್ಡ್ ಬದಲಾಯಿಸಲು ಹೋಗಬೇಡಿ. ಯೂಸರ್ ವಿವರಗಳೂ ಒಂದು ಕೀಸ್ಪೇಸ್‌ನಲ್ಲೇ (ಟೇಬಲ್‌ಗಳನ್ನು ಒಟ್ಟಿಗೆ ಇಡುವ ಗುಂಪು) ಇರುತ್ತವೆ, ಅದರ ಹೆಸರು ಸಿಸ್ಟಂ_ಆಥ್. ಅದರ ಪ್ರತಿಗಳ ಸಂಖ್ಯೆ ಮೊದಲಿಗೆ 1 ಮಾತ್ರ. ಆ ಒಂದು ಪ್ರತಿ ಇದ್ದ ನೋಡ್ ಬಿದ್ದರೆ ಬೀಗದ ಕೈಯೂ ಅದರ ಜೊತೆ ಹೋಯಿತು. ನೋಡ್ ಎದ್ದ ಮೇಲೆ ಪ್ರತಿಗಳನ್ನು 3ಕ್ಕೆ ಏರಿಸಿ, ಎಲ್ಲ ನೋಡ್‌ಗಳಲ್ಲೂ ಸಿಸ್ಟಂ_ಆಥ್‌ಗೆ ರಿಪೇರ್ (ಪ್ರತಿಗಳನ್ನು ಹೋಲಿಸಿ ಸಮ ಮಾಡುವ ನೋಡ್‌ಟೂಲ್ ಕಮಾಂಡ್) ಓಡಿಸಿ. ಏರಿಸಿ ರಿಪೇರ್ ಮರೆತರೆ ಪ್ರತಿ ಇನ್ನೂ ತಲುಪದ ನೋಡ್ ನಿಮ್ಮನ್ನು ಗುರುತೇ ಹಿಡಿಯದೆ ವಾಪಸ್ ಕಳಿಸುತ್ತದೆ. ಕಸಾಂಡ್ರಾ ಅನ್ನುವ ಹೆಸರಿನ ಮೂಲ ಸೂಪರ್‌ಯೂಸರ್‌ನನ್ನು ದಿನನಿತ್ಯಕ್ಕೆ ಬಳಸಬೇಡಿ. ಆತನ ಪಾಸ್‌ವರ್ಡ್ ಲೋಕಕ್ಕೆಲ್ಲ ಗೊತ್ತು, ಸಾಲದ್ದಕ್ಕೆ ಆತನ ಲಾಗಿನ್‌ಗೆ ಕೋರಮ್ (ಅರ್ಧಕ್ಕಿಂತ ಹೆಚ್ಚು ಪ್ರತಿಗಳ ಉತ್ತರ) ಬೇರೆ ಬೇಕು.

## ಕ್ರಿಯೇಟ್ ಟೇಬಲ್ ಕೊಟ್ಟ ಕೂಡಲೇ ಬೈಯುತ್ತದೆ

ತಕ್ಷಣ ಬೈದರೆ ಅದು ಬರವಣಿಗೆಯ ತಪ್ಪು, ಕ್ಲಸ್ಟರ್‌ದಲ್ಲ. "ನೋ ಕೀಸ್ಪೇಸ್ ಹ್ಯಾಸ್ ಬೀನ್ ಸ್ಪೆಸಿಫೈಡ್" ಅಂದರೆ ಯಾವ ಕೀಸ್ಪೇಸ್ ಅಂತ ಹೇಳುವ ಯೂಸ್ ಕಮಾಂಡ್ ಮರೆತಿದ್ದೀರಿ. ಪ್ರೈಮರಿ ಕೀ ಇಲ್ಲದ ಟೇಬಲ್ ಇಲ್ಲಿ ಆಗುವುದೇ ಇಲ್ಲ. ಆರ್ಡರ್ ತರಹದ ಮೀಸಲು ಪದವನ್ನು ಹಾಗೇ ಕಾಲಂ ಹೆಸರು ಮಾಡಲಾಗದು. ಕೌಂಟರ್ ಕಾಲಂ ಇದ್ದ ಟೇಬಲ್‌ನಲ್ಲಿ ಪ್ರೈಮರಿ ಕೀ ಬಿಟ್ಟು ಉಳಿದದ್ದೆಲ್ಲ ಕೌಂಟರ್ರೇ ಆಗಿರಬೇಕು. ಪ್ರೈಮರಿ ಕೀಯಲ್ಲಿ ಲಿಸ್ಟ್, ಸೆಟ್, ಮ್ಯಾಪ್ ಬೇಕಾದರೆ ಫ್ರೋಜನ್ (ಬಿಡಿಬಿಡಿಯಾಗಿ ತಿದ್ದಲಾಗದ ಇಡೀ ಗಂಟು) ಮಾಡಬೇಕು.

ಟೇಬಲ್ ಮಾಡಿದ್ದೀರಿ, ಆದರೆ ಅದು ಇಲ್ಲವೇ ಇಲ್ಲ ಅನ್ನುತ್ತದೆಯಾ? ಹೆಸರಿನ ಅಕ್ಷರ ನೋಡಿ. ಜೋಡಿ ಉದ್ಧರಣ ಚಿಹ್ನೆ ಇಲ್ಲದ ಹೆಸರುಗಳನ್ನೆಲ್ಲ ಕಸಾಂಡ್ರಾ ಸಣ್ಣಕ್ಷರಕ್ಕೆ ಇಳಿಸುತ್ತದೆ. ಚಿಹ್ನೆ ಹಾಕಿ ದೊಡ್ಡಕ್ಷರದಲ್ಲಿ ಮಾಡಿದ್ದರೆ ಪ್ರತಿ ಸಲವೂ ಚಿಹ್ನೆ ಹಾಕಿಯೇ ಕರೆಯಬೇಕು. ಎಲ್ಲ ಸಣ್ಣಕ್ಷರದಲ್ಲಿಟ್ಟರೆ ಈ ಗೋಳೇ ಇಲ್ಲ.

ಇದಕ್ಕಿಂತ ಕಪಟಿ "ಇಫ್ ನಾಟ್ ಎಕ್ಸಿಸ್ಟ್ಸ್". ಅದೇ ಹೆಸರಿನ ಹಳೆಯ ಟೇಬಲ್ ಬೇರೆ ಕಾಲಂಗಳೊಂದಿಗೆ ಇದ್ದರೂ ಅದು ತುಟಿ ಪಿಟಕ್ ಅನ್ನುವುದಿಲ್ಲ. ಹೊಸ ಟೇಬಲ್ ಆಯಿತು ಅಂತ ನೀವು ಅಂದುಕೊಳ್ಳುತ್ತೀರಿ, ಮುಂದೆ ಕಾಲಂ ಇಲ್ಲ ಅನ್ನುವ ಎರರ್ ಬರುತ್ತದೆ. ಡಿಸ್ಕ್ರೈಬ್ ಟೇಬಲ್ ಕೊಟ್ಟು ನಿಜವಾಗಿ ಏನಿದೆ ನೋಡಿ. ಪ್ರೈಮರಿ ಕೀ ತಪ್ಪಿದ್ದರೆ ಆಲ್ಟರ್‌ನಿಂದ ತಿದ್ದಲು ಬರುವುದಿಲ್ಲ. ಹೊಸ ಟೇಬಲ್ ಮಾಡಿ ಡೇಟಾ ಸಾಗಿಸಬೇಕು, ಅಷ್ಟೇ.

## ಟೇಬಲ್ ಆಯಿತು, ಬರೆಯಲು ಬಿಡುತ್ತಿಲ್ಲ

"ಕೆನಾಟ್ ಅಚೀವ್ ಕನ್ಸಿಸ್ಟೆನ್ಸಿ ಲೆವೆಲ್ ಕೋರಮ್" ಅಂದರೆ ಟೇಬಲ್ ಬಿಡಿ, ಕೀಸ್ಪೇಸ್ ನೋಡಿ. ಡೇಟಾದ ಪ್ರತಿಗಳು 3 ಅಂತ ಹೇಳಿ ಒಂದೇ ನೋಡ್ ಓಡಿಸುತ್ತಿದ್ದೀರಿ. ಕೀಸ್ಪೇಸ್, ಟೇಬಲ್ ಎರಡೂ ಆಗಿಬಿಡುತ್ತವೆ. ಕೋರಮ್ ಅಂದರೆ ಅರ್ಧಕ್ಕಿಂತ ಒಂದು ಹೆಚ್ಚು, 3ಕ್ಕೆ 2. ಇರುವುದು ಒಂದು. ಒಂಟಿ ನೋಡ್‌ನಲ್ಲಿ ಅಭ್ಯಾಸ ಮಾಡುವಾಗ ಪ್ರತಿ 1 ಇಡಿ.

ನೋಡ್‌ಗಳು ಮೂರೂ ಇದ್ದು ಹೀಗಾದರೆ ಕೀಸ್ಪೇಸ್‌ನಲ್ಲಿ ಬರೆದ ಡೇಟಾಸೆಂಟರ್ ಹೆಸರು ನೋಡ್‌ಟೂಲ್ ತೋರಿಸುವ ಹೆಸರಿಗೆ ಹೊಂದುತ್ತದೆಯಾ ನೋಡಿ. 4.0ರಿಂದ ಈಚೆಗೆ ತಪ್ಪು ಹೆಸರು ಕೊಟ್ಟರೆ ಕೀಸ್ಪೇಸ್ ಮಾಡುವಾಗಲೇ ತಡೆಯುತ್ತದೆ. ಅದಕ್ಕೂ ಹಳೆಯವು ಸುಮ್ಮನೆ ಒಪ್ಪಿಕೊಂಡು ಬರೆಯುವ ಹೊತ್ತಿಗೆ ಕೈಯೆತ್ತುತ್ತಿದ್ದವು.

## ಟೇಬಲ್ ಒಂದು ಸಲ ಕಾಣುತ್ತದೆ, ಒಂದು ಸಲ ಇಲ್ಲ

ಇದೇ ನಿಜವಾದ ತಲೆನೋವು.

ಒಮ್ಮೆ ನಮ್ಮ ಸರ್ವೀಸ್‌ನ ಮೂರು ಪ್ರತಿಗಳು ಒಟ್ಟಿಗೆ ಎದ್ದವು. ಪ್ರತಿಯೊಂದೂ ಏಳುವಾಗಲೇ ಕ್ರಿಯೇಟ್ ಟೇಬಲ್ ಇಫ್ ನಾಟ್ ಎಕ್ಸಿಸ್ಟ್ಸ್ ಓಡಿಸುವಂತೆ ಬರೆದಿದ್ದು ನಾನೇ. ಇಫ್ ನಾಟ್ ಎಕ್ಸಿಸ್ಟ್ಸ್ ಇದೆಯಲ್ಲ, ಏನಾಗುತ್ತದೆ ಅಂದುಕೊಂಡಿದ್ದೆ. ಹತ್ತು ಸಲ ಓದಿದರೆ ಆರು ಸಲ ಡೇಟಾ ಬರುತ್ತಿತ್ತು, ನಾಲ್ಕು ಸಲ ಟೇಬಲ್ಲೇ ಇಲ್ಲ ಅನ್ನುತ್ತಿತ್ತು. ಅರ್ಧ ದಿನ ಆಪ್‌ನ ಕೋಡ್‌ನಲ್ಲಿ ಹುಡುಕಿದೆ. ಕೊನೆಗೆ ಒಂದು ನೋಡ್‌ನ ಡೇಟಾ ಫೋಲ್ಡರ್‌ಗೆ ಹೋಗಿ ನೋಡಿದರೆ ಒಂದೇ ಟೇಬಲ್ ಹೆಸರಿನ ಎರಡು ಫೋಲ್ಡರ್, ಹೆಸರಿನ ಹಿಂದಿನ ಉದ್ದನೆಯ ಐಡಿ ಮಾತ್ರ ಬೇರೆ ಬೇರೆ.

ಆಗಿದ್ದು ಇಷ್ಟು. ಸರ್ವೀಸ್‌ನ ಮೂರು ಪ್ರತಿಗಳು ಮೂರು ಬೇರೆ ನೋಡ್‌ಗಳನ್ನು ಕೇಳಿದವು. ಪ್ರತಿ ನೋಡ್ ತನ್ನಲ್ಲಿ ಮಾತ್ರ ನೋಡಿ, ಟೇಬಲ್ ಇಲ್ಲವಲ್ಲ ಅಂತ ತಾನೇ ಒಂದು ಐಡಿ ಕೊಟ್ಟು ಮಾಡಿತು. ಸುದ್ದಿ ಹಬ್ಬುವ ಹೊತ್ತಿಗೆ ಒಂದೇ ಹೆಸರಿಗೆ ಒಂದಕ್ಕಿಂತ ಹೆಚ್ಚು ಜಾತಕ. ಲಾಗ್‌ನಲ್ಲಿ "ಐಡಿ ಮಿಸ್‌ಮ್ಯಾಚ್" ಅನ್ನುವ ಮಾತು ಇದರದೇ ಗುರುತು.

ಪರೀಕ್ಷೆ ಸುಲಭ. ನೋಡ್‌ಟೂಲ್ ಡಿಸ್ಕ್ರೈಬ್‌ಕ್ಲಸ್ಟರ್ ಕೊಡಿ. ಸ್ಕೀಮಾ ವರ್ಷನ್ಸ್ (ಸ್ಕೀಮಾ ಅಂದರೆ ಟೇಬಲ್‌ಗಳ ರಚನೆಯ ವಿವರ) ಅಡಿಯಲ್ಲಿ ಒಂದೇ ಐಡಿ, ಅದರ ಮುಂದೆ ಎಲ್ಲ ನೋಡ್‌ಗಳ ಐಪಿ ಇದ್ದರೆ ಎಲ್ಲರೂ ಒಪ್ಪಿದ್ದಾರೆ. ಎರಡು ಐಡಿ ಕಂಡರೆ ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ, ಸುದ್ದಿ ಇನ್ನೂ ಹಬ್ಬುತ್ತಿರಬಹುದು. ಆಮೇಲೂ ಎರಡೇ ಇದ್ದರೆ ಮೊದಲು ಎಲ್ಲ ನೋಡ್‌ಗಳ ಗಡಿಯಾರ ಹೋಲಿಸಿ. ಯಾರ ಮಾತು ಹೊಸದು ಅನ್ನುವುದನ್ನು ಕಸಾಂಡ್ರಾ ಸಮಯ ನೋಡಿಯೇ ತೀರ್ಮಾನಿಸುತ್ತದೆ. ಒಂದು ಗಡಿಯಾರ ಮುಂದೆ ಓಡುತ್ತಿದ್ದರೆ ಅದರ ಹಳೆಯ ಮಾತೇ ಗೆಲ್ಲುತ್ತದೆ. ಎನ್‌ಟಿಪಿ (ಗಡಿಯಾರ ಹೊಂದಿಸುವ ಸೇವೆ) ಸರಿಮಾಡಿ, ನೋಡ್‌ಗಳ ನಡುವಿನ 7000ನೇ ಪೋರ್ಟ್ ತೆರೆದಿದೆಯಾ ನೋಡಿ. ಬಳಿಕ ಒಪ್ಪದೆ ಉಳಿದ ನೋಡ್ ಒಂದನ್ನು ನೋಡ್‌ಟೂಲ್‌ನಿಂದ ಡ್ರೈನ್ ಮಾಡಿ (ಮೆಮೊರಿಯಲ್ಲಿದ್ದದ್ದನ್ನು ಡಿಸ್ಕ್‌ಗೆ ಇಳಿಸಿ) ರೀಸ್ಟಾರ್ಟ್ ಮಾಡಿ. ಇಡೀ ಕ್ಲಸ್ಟರನ್ನು ಒಟ್ಟಿಗೆ ಬೇಡ.

ಫೋಲ್ಡರ್ ಎರಡಿದ್ದ ಮಾತ್ರಕ್ಕೆ ಗಾಬರಿಯೂ ಬೇಡ. ಟೇಬಲ್ ಡ್ರಾಪ್ ಮಾಡಿ ಅದೇ ಹೆಸರಲ್ಲಿ ಮತ್ತೆ ಮಾಡಿದ್ದರೂ ಹಳೆಯ ಫೋಲ್ಡರ್ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾದ ನಕಲು) ಹೊತ್ತುಕೊಂಡು ಉಳಿದಿರುತ್ತದೆ. ಸಿಸ್ಟಂ_ಸ್ಕೀಮಾ.ಟೇಬಲ್ಸ್‌ನಲ್ಲಿರುವ ಐಡಿಯನ್ನು ಪ್ರತಿ ನೋಡ್‌ನಲ್ಲೂ ಓದಿ, ಬಳಕೆಯಲ್ಲಿರುವ ಫೋಲ್ಡರ್ ಯಾವುದು ಅಂತ ಮೊದಲು ತಿಳಿದುಕೊಳ್ಳಿ.

ಇದಕ್ಕೆ ಹತ್ತಿರದ ಇನ್ನೊಂದು: ಕ್ರಿಯೇಟ್ ಟೇಬಲ್‌ಗೆ ಟೈಮ್‌ಔಟ್. ಜಾವಾ ಡ್ರೈವರ್ 4 ಬರೀ 2 ಸೆಕೆಂಡ್ ಕಾಯುತ್ತದೆ, ಶೆಲ್ 10. ಎಲ್ಲರೂ ಒಪ್ಪಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಟೈಮ್‌ಔಟ್ ಅಂದರೆ ಆಗಲಿಲ್ಲ ಅಂತಲ್ಲ, ಉತ್ತರ ಬರುವಷ್ಟರಲ್ಲಿ ನೀವು ಎದ್ದು ಹೋದಿರಿ ಅಂತ. ಮತ್ತೆ ಓಡಿಸುವ ಮುಂಚೆ ಡಿಸ್ಕ್ರೈಬ್ ಟೇಬಲ್ಸ್ ಕೊಟ್ಟು ನೋಡಿ. ಟೇಬಲ್ ಮಾಡುವ ಕೆಲಸಕ್ಕೆ ಮಾತ್ರ ಟೈಮ್‌ಔಟ್ ಏರಿಸಿ. ಕೀಸ್ಪೇಸಸ್ ಸೇವೆಯಲ್ಲಂತೂ ಕಮಾಂಡ್ ಮುಗಿದ ಮೇಲೂ ಟೇಬಲ್ ಹಿನ್ನೆಲೆಯಲ್ಲಿ ತಯಾರಾಗುತ್ತಿರುತ್ತದೆ. ಸ್ಥಿತಿ ಆಕ್ಟಿವ್ ಆಗುವವರೆಗೆ ಬರೆಯಲು ಹೋಗಬೇಡಿ.

ನಾನು ಆಮೇಲೆ ಮಾಡಿಕೊಂಡ ಬದಲಾವಣೆ: ಸ್ಕೀಮಾ ಕೆಲಸವನ್ನೆಲ್ಲ ಆಪ್‌ನಿಂದ ಕಿತ್ತು, ಡಿಪ್ಲಾಯ್‌ಗೆ ಮುಂಚೆ ಒಂದೇ ಸಲ, ಒಂದೇ ಕಡೆಯಿಂದ, ಒಂದಾದ ಮೇಲೊಂದು ಓಡುವ ಸ್ಕ್ರಿಪ್ಟ್‌ಗೆ ಹಾಕಿದೆ.

## ಇಲ್ಲಿ ಕೈ ತೆಗೆಯಿರಿ

ನಿಜವಾದ ಡೇಟಾ ಇರುವ ಕ್ಲಸ್ಟರ್‌ನಲ್ಲಿ ಸ್ಕೀಮಾ ಒಡೆದಿದ್ದು, ಗಡಿಯಾರ ಮತ್ತು ಒಂದು ರೀಸ್ಟಾರ್ಟ್‌ನಿಂದ ಸರಿಹೋಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಡ್ರಾಪ್ ಮಾಡಿ ಮತ್ತೆ ಮಾಡೋಣ ಅನ್ನಿಸುತ್ತದೆ. ಹೊಸ ಟೇಬಲ್‌ಗೆ ಹೊಸ ಐಡಿ, ಹಳೆಯ ಡೇಟಾ ತಾನಾಗಿ ಅದಕ್ಕೆ ಬಂದು ಸೇರುವುದಿಲ್ಲ. ಆಟೋ_ಸ್ನ್ಯಾಪ್‌ಶಾಟ್ ಆನ್ ಇದ್ದರೆ ಡ್ರಾಪ್‌ಗೆ ಮುಂಚೆ ಒಂದು ಪ್ರತಿ ಉಳಿಯುತ್ತದೆ, ಆದರೆ ಅದನ್ನು ನಂಬಿ ಕೈ ಹಾಕಬೇಡಿ. ನೀವೇ ನೋಡ್‌ಟೂಲ್ ಸ್ನ್ಯಾಪ್‌ಶಾಟ್ ತೆಗೆದು ಬೇರೆ ಮೆಷಿನ್‌ಗೆ ಸಾಗಿಸಿ. ರೀಸೆಟ್‌ಲೋಕಲ್‌ಸ್ಕೀಮಾ ಅನ್ನುವ ಕಮಾಂಡ್ ನೋಡ್‌ನ ಸ್ಕೀಮಾ ನೆನಪನ್ನೇ ಅಳಿಸಿ ಬೇರೆಯವರಿಂದ ಕೇಳಿ ಬರೆದುಕೊಳ್ಳುತ್ತದೆ. ಉಳಿದವರೆಲ್ಲ ಒಂದೇ ಮಾತಿನಲ್ಲಿದ್ದಾಗ, ತಪ್ಪಿದ ಆ ಒಂದು ನೋಡ್‌ನಲ್ಲಿ ಮಾತ್ರ ಅದಕ್ಕೆ ಅರ್ಥವಿದೆ. ಎರಡು ಫೋಲ್ಡರ್‌ಗಳಲ್ಲಿ ಹಂಚಿಹೋದ ಫೈಲ್‌ಗಳನ್ನು ಒಂದು ಕಡೆ ಸೇರಿಸುವುದೂ ಆಗುವ ಕೆಲಸವೇ, ಆದರೆ ಮುಂಚೆ ಮಾಡಿದವರು ಪಕ್ಕದಲ್ಲಿರಲಿ. ಲಾಗ್‌ನಲ್ಲಿ ಕರಪ್ಟ್ ಅನ್ನುವ ಪದ ಅಥವಾ ಡಿಸ್ಕ್ ಎರರ್ ಕಂಡರೂ ಹೀಗೇ.

ಸಹಾಯ ಕೇಳಲು ಹೋಗುವಾಗ ನೋಡ್‌ಟೂಲ್ ಸ್ಟೇಟಸ್, ಡಿಸ್ಕ್ರೈಬ್‌ಕ್ಲಸ್ಟರ್ ಎರಡರ ಉತ್ತರ, ಕಸಾಂಡ್ರಾ ಮತ್ತು ಡ್ರೈವರ್ ವರ್ಷನ್, ಎಲ್ಲ ನೋಡ್‌ಗಳ ಸಿಸ್ಟಂ ಲಾಗ್, ನೀವು ಓಡಿಸಿದ ಕ್ರಿಯೇಟ್ ಸಾಲು ಹಾಗೂ ಅದು ಓಡಿದ ಸಮಯ ಜೊತೆಗಿರಲಿ. ಕಾನ್ಫಿಗ್ ಫೈಲ್ ಕಳಿಸುವುದಾದರೆ ಟಿಎಲ್‌ಎಸ್ ಭಾಗದಲ್ಲಿ ಕೀಸ್ಟೋರ್ ಪಾಸ್‌ವರ್ಡ್ ಹಾಗೇ ಬರೆದಿರುತ್ತದೆ, ಅದನ್ನು ಅಳಿಸಿ ಕಳಿಸಿ.